ಎಡಗಡೆಯ ಗೋಡೆ

ಹೋದ ತಿಂಗಳು ನಮ್ಮ ಮನೆಗೆ ಹತ್ತಿದ ಹಿಂಬದಿಯ ಮನೆಯ ಪೊಲೀಸಮ್ಮ ನಿವೃತ್ತಿಯಾಗಿ ತನ್ನ ತವರೂರು ಮೆಟ್ರಿಗೆ ಹೊರಟುಹೋದಳು. ಹೋಗುವ ಹಿಂದಿನ ದಿನ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿ ಆಕೆಗೊಂದು ಶಾಲು ಹೊದಿಸಿದರು. ಒಬ್ಬೊಬ್ಬರು ನಾಲ್ಕು ಮಾತಾಡಿದರು. ನನ್ನ ಪಾಳಿ ಬಂದಾಗ ಎದ್ದು ನಿಂತೆ. ಮಾತು ಹೊರಡಲಿಲ್ಲ. ಸೆರಗು ಬಾಯಿಗೆ ಹಿಡಿದು ಹಾಗೇ ಕೂತೆ. ಪಾಪ, ಇಷ್ಟು ವರ್ಷದ ಬಳಕೆ, ದುಃಖ ತಡೆಯಲಾಗಲಿಲ್ಲ ಅಂದರು ಎಲ್ಲರೂ. ದುಃಖ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಬಾಯಿ ಕಟ್ಟಿದ್ದು ದುಃಖವಲ್ಲ, ನಾಚಿಕೆ.

ಆ ಹೆಣ್ಣುಮಗಳು ತನಗಾಗಿ ಅಂತ ಬಯಸಿದ್ದು ಒಂದೇ ಒಂದು. ಅದು ಆಕೆಗೆ ದಕ್ಕದೇ ಹೋಯಿತು. ದಕ್ಕದೇ ಹೋದದ್ದರಲ್ಲಿ ನನ್ನ ಭಕ್ತಿಯ ಪಾಲೂ ಇತ್ತು. ಇದೇನು ಮುಚ್ಚಿಟ್ಟ ಸಂಗತಿಯಲ್ಲ. ಆಕೆಗೆ ಗೊತ್ತು, ನನಗೆ ಗೊತ್ತು, ನಮ್ಮನೆಯವರಿಗೂ ಗೊತ್ತು. ದಿನಾ ಬೆಳಗ್ಗೆ ತುಳಸಿಗೆ ನೀರು ಹಾಕಲು ಮಾಳಿಗೆ ಹತ್ತಿದರೆ ಆ ಎಡಗಡೆಯ ಗೋಡೆ ಕಣ್ಣಿಗೆ ಬೀಳುತ್ತದೆ.

ಆಕೆಯ ಹೆಸರು ಹಾಕುವುದಿಲ್ಲ. ಓಣಿಯಲ್ಲಿ ಯಾರೂ ಹೆಸರು ಹಿಡಿದು ಕರೆದವರೂ ಅಲ್ಲ. ದೊಡ್ಡವರಿಗೆ, ಸಣ್ಣವರಿಗೆ, ಹಾಲಿನವನಿಗೆ ಎಲ್ಲರಿಗೂ ಆಕೆ ಪೊಲೀಸಮ್ಮ. ನನಗೆ ಅಕ್ಕಾ ಅನ್ನುತ್ತಿದ್ದಳು, ನಾನು ತಂಗೆವ್ವ ಅನ್ನುತ್ತಿದ್ದೆ.

ಮೈ ಸಣ್ಣ, ಕೈ ಮಾತ್ರ ಉದ್ದ. ಚಹಾದ ಲೋಟ ಹಿಡಿಯಲಿ, ಒಗ್ಗರಣೆ ಸೌಟು ಹಿಡಿಯಲಿ, ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಉಳಿದ ನಾಲ್ಕು ಬೆರಳು ಹಿಡಿದುಕೊಂಡರೆ ಅದೊಂದು ನೆಟ್ಟಗೆ ಪಕ್ಕದಲ್ಲಿ ಮಲಗಿರುತ್ತಿತ್ತು. ಮೊದಲು ನಾನು ಏನೋ ಪೆಟ್ಟಾಗಿ ಸೆಡೆತುಕೊಂಡಿದೆ ಅಂತ ತಿಳಿದು ಎಣ್ಣೆ ಕಾಯಿಸಿ ಕೊಡಲಾ ಅಂತ ಕೇಳಿದ್ದೆ. ಆಕೆ ನಕ್ಕುಬಿಟ್ಟಳು. "ಪಿಸ್ತೂಲ್ ಹಿಡಿಯೋ ರೂಢಿರಿ ಅಕ್ಕಾ. ಹೊಡಿಯೋ ಮನಸ್ಸು ಗಟ್ಟಿ ಆಗೋತನಕ ಬಟ್ಟು ಟ್ರಿಗರ್ ಮ್ಯಾಲೆ ಇಡಬಾರ್ದು." ಅಂದಿನಿಂದ ಆಕೆಯ ಕೈ ನೋಡಿದಾಗೆಲ್ಲ ನನಗೆ ನನ್ನ ಬಾಯಿ ನೆನಪಾಗುತ್ತಿತ್ತು. ಮನಸ್ಸು ಗಟ್ಟಿಯಾಗುವ ಮೊದಲೇ ಆಡಿಬಿಡುವ ಬಾಯಿ ನನ್ನದು.

ಆಕೆಯ ಗಂಡ ಪೊಲೀಸು. ಡ್ಯೂಟಿಯ ಮೇಲಿದ್ದಾಗಲೇ ಜೀಪು ಉರುಳಿ ತೀರಿಕೊಂಡ. ಮಕ್ಕಳಿಲ್ಲ. ಅನುಕಂಪದ ಮೇಲೆ ಆಕೆಗೆ ಕಾನ್‌ಸ್ಟೆಬಲ್ ನೌಕರಿ ಸಿಕ್ಕಿತು. ಹೊಟ್ಟೆಗೆ ದಾರಿಯಾಯಿತು, ಅದು ದೇವರ ಸಣ್ಣ ಕರುಣೆಯಲ್ಲ ಅಂತ ನಾನು ಹೇಳುತ್ತಿದ್ದೆ. ಆಕೆ ಹೌದು ಅನ್ನುತ್ತಿದ್ದಳು, ಆದರೆ ಜೊತೆಗಿದ್ದವರ ಮಾತು ಆಕೆಯನ್ನು ಬಿಡುತ್ತಿರಲಿಲ್ಲ. ನಾವು ಓಡಿ, ಜಿಗಿದು, ಪರೀಕ್ಷೆ ಬರೆದು ಬಂದೆವು, ನೀನು ಗಂಡನ ಹಾರ ಹಾಕಿದ ಫೋಟೋ ಹಿಡಿದುಕೊಂಡು ಬಂದೆ ಅಂತ ಒಬ್ಬಾಕೆ ಮುಖದ ಮೇಲೇ ಅಂದಿದ್ದಳಂತೆ.

"ಈ ಖಾಕಿ ನಂದಲ್ರಿ ಅಕ್ಕಾ, ಅವರು ಬಿಟ್ಟುಹೋದದ್ದು," ಅಂದಳು ಒಮ್ಮೆ, ಇಸ್ತ್ರಿ ಮಾಡಿದ ಶರ್ಟು ಮಡಚುತ್ತಾ. "ಒಂದು, ಒಂದಾದ್ರೂ ನಾನ ಸ್ವಂತ ಗಳಿಸಿದ್ದು ಇದರ ಮ್ಯಾಲೆ ಬೀಳಬೇಕು."

ಆ ಒಂದು ಯಾವುದು ಅಂತ ಆಮೇಲೆ ಗೊತ್ತಾಯಿತು. ಪೊಲೀಸರಿಗೆ ವರ್ಷಕ್ಕೊಮ್ಮೆ ಗುಂಡು ಹೊಡೆಯುವ ಅಭ್ಯಾಸ ಇರುತ್ತದಂತೆ. ಸಂಡೂರು ಕಡೆಯ ಗುಡ್ಡದಲ್ಲಿ ಅದಕ್ಕೊಂದು ಜಾಗ, ರೇಂಜು ಅನ್ನುತ್ತಾರೆ. ಅಲ್ಲಿ ಆಕೆ ಹೊಡೆದ ಗುಂಡೆಲ್ಲ ಒಂದು ಹಿಡಿ ಜಾಗದಲ್ಲಿ ಗುಂಪಾಗಿ ಬಿದ್ದದ್ದನ್ನು ಹಿರಿಯ ಸಾಹೇಬರೊಬ್ಬರು ನೋಡಿ, ಪೊಲೀಸರ ಪಂದ್ಯಕ್ಕೆ ಪಿಸ್ತೂಲಿನಲ್ಲಿ ತಯಾರಾಗು ಅಂದರು. ನಮ್ಮ ಕಡೆಯಿಂದ ಹೆಣ್ಣುಮಗಳೊಬ್ಬಳು ರಾಜ್ಯದ ತಂಡಕ್ಕೆ ಹೋದದ್ದನ್ನು ಅವರು ಕಂಡಿರಲಿಲ್ಲವಂತೆ. ಆಯ್ಕೆಯಾದರೆ ಎದೆಯ ಮೇಲೆ ತಂಡದ ಗುರುತು ಬರುತ್ತದೆ. ಅದನ್ನು ಯಾವ ಗಂಡನೂ ಸತ್ತು ಕೊಡಿಸಲಾರ.

ಪಿಸ್ತೂಲು ಅಂದರೆ ಹತ್ತಿರ ನಿಂತು ಹೊಡೆಯುವುದು ಅಂತ ನಾನು ತಿಳಿದಿದ್ದೆ. ಈ ಪಂದ್ಯದಲ್ಲಿ ಹಾಗಲ್ಲ. ಗುರಿಯ ಬೋರ್ಡು ದೂರ ಇಡುತ್ತಾರೆ, ಅಷ್ಟು ದೂರಕ್ಕೆ ಬಂದೂಕೇ ಬೇಕು ಅನ್ನಬೇಕು, ಅಷ್ಟು ದೂರ. ಅದೂ ತಣ್ಣಗೆ ನಿಂತು ಹೊಡೆಯುವ ಹಾಗಿಲ್ಲ. ಮೊದಲ ಸೀಟಿಗೆ ಮೈದಾನ ಸುತ್ತಿ ಓಡಿ ಬರಬೇಕು, ಎದೆ ಡವಡವ ಅನ್ನುತ್ತಿರುವಾಗಲೇ ತನ್ನ ಬೋರ್ಡಿನ ಎದುರು ನಿಂತು, ಎರಡನೇ ಸೀಟಿ ಊದುವುದರೊಳಗೆ ಗುಂಡೆಲ್ಲ ಮುಗಿಸಬೇಕು. "ಇಲ್ಲಿ ಎಳ್ಳಷ್ಟು ಕೈ ಅಲುಗಿದ್ರ ಅಲ್ಲಿ ಮೊಳ ತಪ್ಪತೈತ್ರಿ," ಅಂತ ಆಕೆ ನನಗೆ ಹೇಳಿದ್ದು ಹಿತ್ತಲಲ್ಲಿ ಕೂತು ಅವರೆಕಾಯಿ ಬಿಡಿಸುವಾಗ.

ನಿಜವಾದ ಪಿಸ್ತೂಲು ಮನೆಗೆ ತರುವಂತಿಲ್ಲ. ಅಭ್ಯಾಸದ ದಿನ ಕೊಡುತ್ತಾರೆ, ಸಂಜೆಗೆ ಎಣಿಸಿ ಒಳಗಿಡುತ್ತಾರೆ. ಅದಕ್ಕೆ ಆಕೆ ಬಡಿಗೇರರ ಹತ್ತಿರ ತೇಗದ ತುಂಡಿನಲ್ಲಿ ಒಂದು ಪಿಸ್ತೂಲು ಮಾಡಿಸಿಕೊಂಡಳು. ತೂಕ ಬರಲಿ ಅಂತ ಕಬ್ಬಿಣದ ಪಟ್ಟಿ ಬಡಿಸಿದಳು. ನಮ್ಮನೆಯವರು ಅದನ್ನು ಕಟ್ಟಿಗೆ ಬಂದೂಕು ಅಂತ ಕರೆದು, "ಕಳ್ಳ ಬಂದ್ರ ತೋರಿಸಬ್ಯಾಡವಾ, ಅಂವಾ ಒಲಿಗೆ ಹಾಕ್ಯಾನು" ಅಂತ ಚೇಷ್ಟೆ ಮಾಡುತ್ತಿದ್ದರು. ಒಲಿಗೆ ಹಾಕುವ ಕಳ್ಳ ಚಹಾನೂ ಮಾಡಿಕೊಟ್ಟು ಹೋಗಲಿ ಅಂತ ಆಕೆ ತಿರುಗಿ ಅನ್ನುತ್ತಿದ್ದಳು.

ನಮ್ಮ ಮನೆಗೂ ಆಕೆಯ ಮನೆಗೂ ಮೆಟ್ಟಿಲು ಒಂದೇ, ಮಾಳಿಗೆಯೂ ಒಂದೇ. ಬೆಳಗಾಗುತ್ತಲೇ ಆಕೆ ಕೆಳಗಿನ ನಲ್ಲಿಯಿಂದ ಎರಡು ಕೊಡ ತುಂಬಿಕೊಂಡು ಓಡುತ್ತಾ ಮೇಲೆ ಬರುವಳು. ಕೊಡ ಇಳಿಸುವಳು, ಮತ್ತೆ ಕೆಳಗೆ, ಮತ್ತೆ ಮೇಲೆ. ಉಸಿರು ಬಾಯಿಗೆ ಬಂದಾಗ ನನ್ನ ಕೈಯಿಂದ ಸೂಜಿ, ದಾರ ಇಸಿದುಕೊಂಡು ಪೋಣಿಸಬೇಕು. ಈ ಸೂಜಿಯ ಉಪಾಯ ಯಾರೂ ಕಲಿಸಿದ್ದಲ್ಲ, ಆಕೆಯದೇ. ನೀವೂ ಮಾಡಿ ನೋಡಿ. ಮೆಟ್ಟಿಲು ಓಡಿ ಹತ್ತಿ ಸೂಜಿಯ ಕಣ್ಣಿಗೆ ದಾರ ಹಾಕಲು ಹೋಗಿ. ದಾರ ಒಂದು ಕಡೆ, ಸೂಜಿ ಒಂದು ಕಡೆ, ಎದೆ ಬಡಿದಂತೆಲ್ಲ ಎರಡೂ ಕುಣಿಯುತ್ತವೆ. ಆಕೆ ಉಸಿರನ್ನು ಅರ್ಧ ಹೊರಗೆ ಬಿಟ್ಟು ತಡೆಯುವಳು. ಆ ತಡೆದ ಗಳಿಗೆಯಲ್ಲಿ ದಾರ ಒಳಗೆ. ಅದಾದ ಮೇಲೆ ಕಟ್ಟಿಗೆ ಪಿಸ್ತೂಲು ಎತ್ತಿ ದೂರದ ಗುರುತಿಗೆ ಹಿಡಿದು ನಿಲ್ಲಬೇಕು. ನನ್ನ ತುಳಸಿಗೆ, ದುಂಡುಮಲ್ಲಿಗೆಗೆ ಪುಕ್ಕಟೆ ನೀರು. ಮಲಗುವಾಗ ಆ ದಿನ ದೇವರು ಕೊಟ್ಟ ಸಣ್ಣಪುಟ್ಟದ್ದನ್ನು ನೆನೆಯುವ ರೂಢಿ ನನಗೆ. ನಲ್ಲಿ ಹೊತ್ತಿಗೆ ಸರಿಯಾಗಿ ಬಂತು, ಹಾಲು ಒಡೆಯಲಿಲ್ಲ, ಮೊಣಕಾಲು ಕಡಿಮೆ ನೋಯಿತು, ಹೀಗೆ. ಅವುಗಳಲ್ಲಿ ಪೊಲೀಸಮ್ಮನ ಕೊಡದ ನೀರೂ ಸೇರಿಕೊಂಡಿತು.

ಹೊತ್ತು ಅಳೆಯುವುದು ನನ್ನ ಕೆಲಸ. ಆಕೆಯ ಮೊಬೈಲಿನಲ್ಲಿ ಗಡಿಯಾರ ಇತ್ತು, ಆದರೆ ಮನುಷ್ಯರ ದನಿ ಕೇಳುತ್ತಿದ್ದರೆ ಆತುರ ಹುಟ್ಟುತ್ತದೆ, ಆ ಆತುರ ಬೇಕು ಅಂದಳು. ನನಗೆ ಸೆಕೆಂಡಿನ ಲೆಕ್ಕ ಬಾರದು. ಓಂ ನಮಃ ಶಿವಾಯ ಅನ್ನುತ್ತಾ ಮಣಿ ಎಣಿಸುತ್ತಿದ್ದೆ. ಇಷ್ಟು ಮಣಿಗೆ ಸೀಟಿ ಅಂತ ಆಕೆಯೇ ಗಡಿಯಾರಕ್ಕೆ ಹೊಂದಿಸಿ ಗೊತ್ತು ಮಾಡಿದ್ದಳು. ನನಗೆ ಹುರುಪು ಬಂದರೆ ಜಪ ಓಡುತ್ತಿತ್ತು. "ಅಕ್ಕಾ, ಶಿವನ ಹೆಸರು ಇಷ್ಟು ಜಲ್ದಿ ಅಂದ್ರ ಪುಣ್ಯ ಬರಂಗಿಲ್ಲ ನೋಡ್ರಿ, ನನ್ನ ಗುಂಡೂ ಮುಗಿಯಂಗಿಲ್ಲ" ಅನ್ನುತ್ತಿದ್ದಳು.

ಒಂದು ಸೋಮವಾರ ವಿರೂಪಾಕ್ಷನ ದರ್ಶನಕ್ಕೆ ಹಂಪಿಗೆ ಹೋಗಿದ್ದೆ. ಆಕೆಗೆ ಅಲ್ಲೇ ಬಂದೋಬಸ್ತು. ಬಜಾರಿನ ಕೊನೆಯ ಕಲ್ಲು ಮಂಟಪದ ಕಡೆಯಿಂದ ಗದ್ದಲ ಕೇಳಿತು. ಯಾರದೋ ಕೈಚೀಲ ಕಿತ್ತುಕೊಂಡು ಹೋದರು ಅಂತ ಇಬ್ಬರನ್ನು ಮಂದಿ ಹಿಡಿದು ಹೊಡೆಯಲು ಹೊರಟಿದ್ದರು. ಆಕೆ ಗುಡಿಯ ಬಾಗಿಲಿಂದ ಬಜಾರಿನ ಆ ತುದಿಯವರೆಗೂ ಓಡಿದಳು. ನಾನೂ ಹಿಂದೆ ಹಿಂದೆ ಹೋದೆ. ಮುಟ್ಟಿದ ಮೇಲೆ ಆಕೆ ಒದರಲಿಲ್ಲ, ಲಾಠಿ ಎತ್ತಲಿಲ್ಲ. ನಡುವೆ ಹೋಗಿ ನಿಂತು ಸುಮ್ಮನಾದಳು. ಅದೇ ಅರ್ಧ ಉಸಿರು. ಆಕೆ ಏನೂ ಅನ್ನದೇ ನಿಂತದ್ದು ನೋಡಿ ಮಂದಿಯ ಗದ್ದಲ ತಾನೇ ಇಳಿಯಿತು. ಆಮೇಲೆ ತಗ್ಗಿದ ದನಿಯಲ್ಲಿ, ಚೀಲ ಯಾರದು, ನೋಡಿದವರು ಯಾರು ಅಂತ ಕೇಳಿದಳು. ನೋಡಿದವರು ಒಬ್ಬರೂ ಇರಲಿಲ್ಲ. ಚೀಲ ಬಾಳೆಹಣ್ಣಿನ ಅಂಗಡಿಯಲ್ಲೇ ಮರೆತುಹೋಗಿತ್ತು.

ಬಸ್ಸಿನಲ್ಲಿ ತಿರುಗಿ ಬರುವಾಗ ಕೇಳಿದೆ, ಮೊದಲಿಗೇ ಯಾಕೆ ಬಾಯಿ ಮಾಡಲಿಲ್ಲ ಅಂತ. "ಓಡಿ ಬಂದ ಕೈಲೆ ಹೊಡೀಬಾರ್ದು, ಓಡಿ ಬಂದ ಬಾಯಿಲೆ ಮಾತಾಡಬಾರ್ದು," ಅಂದಳು. ನಾನು ಈ ಮಾತನ್ನು ಅಡುಗೆಮನೆಗೆ ತಂದುಕೊಂಡೆ. ಸೊಸೆಯ ಮೇಲೆ ಸಿಟ್ಟು ಬಂದಾಗ ಅರ್ಧ ಉಸಿರು ಬಿಟ್ಟು ತಡೆಯುತ್ತೇನೆ. ಎಷ್ಟೋ ಜಗಳ ಅಲ್ಲೇ ಸತ್ತಿವೆ. ಆಕೆಯಿಂದ ನಾನು ಪಡೆದದ್ದು ಇದು. ನನ್ನಿಂದ ಆಕೆ ಪಡೆದದ್ದನ್ನು ಇನ್ನು ಬರೆಯಬೇಕು.

ನಮ್ಮ ಸಾಲಿನ ಮಾಳಿಗೆಗಳೆಲ್ಲ ಒಂದಕ್ಕೊಂದು ಹತ್ತಿಕೊಂಡಿವೆ. ನಮ್ಮ ಮೆಟ್ಟಿಲು ಹತ್ತಿ ನಿಂತರೆ ದೂರ, ಸಾಲಿನ ಆ ಕೊನೆಗೆ, ಎರಡು ನೀರಿನ ಟ್ಯಾಂಕಿನ ಗೋಡೆ ಪಕ್ಕಪಕ್ಕದಲ್ಲಿ ಕಾಣುತ್ತವೆ. ನೆಟ್ಟಗೆ ಎದುರಿಗೆ ಒಂದು, ಅದರ ಎಡಕ್ಕೆ ಇನ್ನೊಂದು. ಎದುರಿನ ಗೋಡೆಯ ಹಿಂದೆ ಓಣಿಯ ಹನುಮಪ್ಪನ ಗುಡಿಯ ಶಿಖರ, ಮೇಲೆ ಕೇಸರಿ ಬಾವುಟ.

ಸಂಡೂರಿನ ಗುಡ್ಡದಿಂದ ಬಂದ ದಿನ ಆಕೆಯ ಬೂಟಿನ ತುಂಬ ಕೆಂಪು ಮಣ್ಣು. ನಾನು ತೊಳೆದ ಮೆಟ್ಟಿಲೆಲ್ಲ ಕೆಂಪು. ಬೈದೆ. ಮರುದಿನ ಆಕೆ ಬೂಟಿನ ಮಣ್ಣು ಕೆರೆದು ತೆಂಗಿನ ಚಿಪ್ಪಿನಲ್ಲಿ ನೀರು ಹಾಕಿ ಕಲಸಿ, ಎದುರಿನ ಗೋಡೆಯ ಮೇಲೆ ಬಟ್ಟಲಗಲ ಒಂದು ಗುರುತು ಹಾಕಿದಳು. ಇನ್ನು ಮೇಲೆ ಮಣ್ಣು ದಂಡ ಆಗುವುದಿಲ್ಲ ನೋಡಿರಿ ಅಂದಳು. ಓಡಿ ಬರುವುದು, ಸೂಜಿ ಪೋಣಿಸುವುದು, ನೆಟ್ಟಗೆ ಆ ಗುರುತಿಗೆ ಹಿಡಿಯುವುದು. ಹೀಗೇ ನಡೆದಿತ್ತು.

ಒಂದು ಶನಿವಾರ, ಹನುಮಪ್ಪನ ವಾರ. ಶಿಖರಕ್ಕೆ ಕೈ ಮುಗಿದು ಕಣ್ಣು ತೆರೆದೆ. ಶಿಖರದ ಕೆಳಗೇ ಆ ಕೆಂಪು ಗುರುತು, ಅದಕ್ಕೆ ಗುರಿ ಹಿಡಿದು ನಿಂತ ಆಕೆಯ ಕೈ. ಅದೆಷ್ಟು ದಿನದಿಂದ ದೇವರ ಕಡೆಗೆ ಪಿಸ್ತೂಲು ಹಿಡಿಸುತ್ತಾ ಪಕ್ಕದಲ್ಲಿ ಕೂತು ಜಪ ಮಾಡುತ್ತಿದ್ದೇನೆ ಅನ್ನಿಸಿತು.

"ತಂಗೆವ್ವ, ಆ ಕಡೆ ಹಿಡಿಯೋದು ಬ್ಯಾಡ. ಹನಮಪ್ಪನ ಗುಡಿ ಆ ಕಡೆ ಐತಿ," ಅಂದೆ.

"ಕಟ್ಟಿಗೀದ್ರಿ ಅಕ್ಕಾ ಇದು."

"ಕಟ್ಟಿಗೀದಾದ್ರೇನು, ಕೈಯಾಗ ಭಾವನಾ ಐತಲ್ಲ? ಎಡಕಿನ ಗ್ವಾಡಿಗೆ ಹಾಕ್ಕೋ."

ಆಕೆ ಎರಡೂ ಗೋಡೆ ನೋಡಿದಳು. ರೇಂಜಿನಲ್ಲಿ ಬೋರ್ಡು ನೆಟ್ಟಗೆ ಎದುರಿಗೇ ಇರುತ್ತದೆ ಅಂತ ಮೆಲ್ಲಗೆ ಹೇಳಿದಳು. ಎದುರಿಗಾದರೇನು, ಎಡಕ್ಕಾದರೇನು, ದೂರ ಅಷ್ಟೇ ಅಲ್ಲವೇ ಅಂದೆ ನಾನು. ಆಕೆ ಕಟ್ಟಿಗೆ ಪಿಸ್ತೂಲು ಕೆಳಗಿಳಿಸಿದಳು. ಆಕೆಯೂ ಹನುಮಪ್ಪನಿಗೆ ವೀಳ್ಯದೆಲೆಯ ಪೂಜೆ ಕಟ್ಟಿಸುವವಳೇ. ಅವತ್ತೇ ನಾನು ಒದ್ದೆ ಬಟ್ಟೆ ಒಯ್ದು ಎದುರಿನ ಗುರುತು ಒರೆಸಿ, ಮಳೆಗೆ ಅಳಿಯದ ಹಾಗೆ ಕೆಮ್ಮಣ್ಣಿಗೆ ಎಣ್ಣೆ ಕಲಸಿ, ಎಡಗಡೆಯ ಗೋಡೆಗೆ ನನ್ನ ಕೈಯಾರೆ ಹೊಸ ಗುರುತು ಹಾಕಿದೆ. ಒಂದು ಅಪಚಾರ ತಪ್ಪಿತು ಅಂತ ಆ ರಾತ್ರಿ ದೇವರ ಕರುಣೆಗಳಲ್ಲಿ ಅದನ್ನೂ ಸೇರಿಸಿಕೊಂಡೆ.

ಆಕೆ ನಿಲ್ಲುವ ಜಾಗ ಇಕ್ಕಟ್ಟು. ಒಂದು ಕಡೆ ಒಗೆಯುವ ಕಲ್ಲು, ಒಂದು ಕಡೆ ತುಳಸಿ ಕಟ್ಟೆ. ಕಾಲು ತಿರುಗಿಸಲು ಬಾರದು. ಹೀಗಾಗಿ ಓಡಿ ಬಂದು ಎದುರಿಗೇ ಕಾಲೂರಿ ನಿಂತು, ಕೈ ಮಾತ್ರ ಎಡಕ್ಕೆ ಒಯ್ಯುವುದು ರೂಢಿಯಾಯಿತು. ಮಳೆಗಾಲ, ಚಳಿಗಾಲ ಎರಡೂ ಕಳೆದವು. ರೇಂಜಿನಲ್ಲಿ ನಿಜವಾದ ಪಿಸ್ತೂಲು ಸಿಗುತ್ತಿದ್ದದ್ದು ಎಂದೋ ಒಂದು ದಿನ. ನಮ್ಮ ಮಾಳಿಗೆಯ ಮೇಲಿನದು ದಿನಾ.

ರಾಜ್ಯದ ತಂಡದ ಆಯ್ಕೆ ಬೇರೆ ಊರಿನಲ್ಲಿ. ಹೋಗುವ ಮುಂಚೆ ಆಕೆ ನನ್ನ ಕಾಲಿಗೆ ನಮಸ್ಕರಿಸಿದಳು. ನಾನು ವಿರೂಪಾಕ್ಷನ ವಿಭೂತಿ ಹಚ್ಚಿದೆ. ತಿರುಗಿ ಬಂದದ್ದು ಮೂರನೆಯ ದಿನ. ಚೀಲ ಕೆಳಗಿಟ್ಟು ನೇರ ಮಾಳಿಗೆಗೇ ಬಂದಳು. ನಾನು ಹಪ್ಪಳ ಒಣಹಾಕುತ್ತಿದ್ದೆ. ಮುಖ ನೋಡಿದೊಡನೆ ತಿಳಿಯಿತು. ಕೂಡು ಅಂದೆ, ಕೂಡಲಿಲ್ಲ. ನಿಂತೇ ಹೇಳಿದಳು.

ಓಟ ಚೆನ್ನಾಗಿಯೇ ಆಯಿತಂತೆ. ಸಾಲಾಗಿ ಬೋರ್ಡುಗಳು, ಒಬ್ಬೊಬ್ಬರಿಗೆ ಒಂದೊಂದು. ತನ್ನ ಗೆರೆಗೆ ಬಂದು ನಿಂತಾಗ ಕಿವಿಯಲ್ಲಿ ನನ್ನ ಓಂ ನಮಃ ಶಿವಾಯ ಕೇಳುತ್ತಿತ್ತಂತೆ. ಉಸಿರು ತಡೆದಳು. ಕೈ ಕಲ್ಲಿನಂತೆ ನಿಂತಿತು. ಗುಂಡೆಲ್ಲ ಮುಗಿದು ಸೀಟಿ ಊದುವ ಮೊದಲೇ ಕೈ ಇಳಿಸಿದಳು. ಇಷ್ಟು ಒಳ್ಳೆಯದಾಗಿ ಎಂದೂ ಹೊಡೆದಿರಲಿಲ್ಲ ಅಂತ ಆಕೆಗೇ ಗೊತ್ತಾಗಿತ್ತಂತೆ. ಆಮೇಲೆ ಕಣ್ಣೆತ್ತಿ ನೋಡಿದಳು.

"ನನ್ನ ಬೋರ್ಡ್ ತೊಳೆದಿಟ್ಟ ಗಂಗಾಳದಂಗಿತ್ತು ಅಕ್ಕಾ. ಒಂದು ತೂತಿಲ್ಲ. ಎಲ್ಲಾ ಪಕ್ಕದಾಕಿ ಬೋರ್ಡಿನ್ಯಾಗ ಹೋಗಿದ್ವು."

ಹೇಗೆ ಅಂತ ತೋರಿಸಲು ಆಕೆ ಅದೇ ಜಾಗದಲ್ಲಿ, ಒಗೆಯುವ ಕಲ್ಲು ತುಳಸಿ ಕಟ್ಟೆಗಳ ನಡುವೆ, ಎದುರಿಗೆ ಕಾಲೂರಿ ನಿಂತಳು. ಕೈ ಎತ್ತಿದಳು. ಕೈ ತಾನಾಗಿ ಎಡಕ್ಕೆ ಹೋಯಿತು. ಹೋಗಿ ನಿಂತಿತು. ದೂರದ ಎಡಗಡೆಯ ಗೋಡೆಯ ಮೇಲೆ ನಾನು ಬರೆದ ಕೆಂಪು ಗುರುತಿತ್ತು. ಆಕೆಯೂ ನೋಡಿದಳು, ನಾನೂ ನೋಡಿದೆ. ಅಷ್ಟು ಹೊತ್ತಿನವರೆಗೆ ಆಕೆಗೂ ಅದು ಹೊಳೆದಿರಲಿಲ್ಲ ಅಂತ ಮುಖದಿಂದ ತಿಳಿಯಿತು. ನನ್ನ ಕೈಯಲ್ಲಿದ್ದ ಹಪ್ಪಳ ಹಾಗೇ ಮಡಚಿಕೊಂಡಿತು.

ತಪಾಸಣೆಯವರು ಬೋರ್ಡಿನ ಹತ್ತಿರ ಹೋಗುವ ಮೊದಲೇ ಆಕೆ ಕೈ ಎತ್ತಿ, ಆ ತೂತುಗಳು ನನ್ನವು ಅಂದಿದ್ದಳಂತೆ. ಪಕ್ಕದ ಹುಡುಗಿಗೆ ಮತ್ತೊಮ್ಮೆ ಹೊಡೆಯಲು ಕೊಟ್ಟರು, ಈಕೆಗೆ ಸೊನ್ನೆ. ಯಾಕೆ ಹೀಗಾಯಿತು ಅಂತ ಸಾಹೇಬರು ಕೇಳಿದರೆ ತಲೆ ತಗ್ಗಿಸಿ ನಿಂತಳಂತೆ.

"ಈಗರೆ ಹೋಗಿ ಹೇಳು," ಅಂದೆ ನಾನು. "ಗುರುತು ಸರಿಸಿದಾಕಿ ನಾನು ಅಂತ ಹೇಳು."

"ಏನಂತ ಹೇಳ್ಲಿ ಅಕ್ಕಾ? ಹನಮಪ್ಪ ಅಡ್ಡ ಬಂದ ಅಂತ ಹೇಳ್ಲೇನ್ರಿ?"

ಅಂದು ನಕ್ಕಳು. ನಿಜವಾಗಿ ನಕ್ಕಳು, ಕುಹಕವಿಲ್ಲದೆ. ನನಗೆ ನಗು ಬರಲಿಲ್ಲ.

ಆಮೇಲೆ ಆಕೆಯ ಜೊತೆಯವರು ಆಕೆಗೆ ಪಕ್ಕದಮನಿ ಅಂತ ಹೆಸರಿಟ್ಟರು. ಗಂಡನಿಲ್ಲದಾಕೆಯ ಕಣ್ಣು ಪಕ್ಕದ ಮನೆಯ ಮೇಲೇ ಅಂತ ಅದಕ್ಕೊಂದು ಹೊಲಸು ಅರ್ಥ ಬೇರೆ. ಬಜಾರಿನಲ್ಲಿ ಯಾರಿಂದಲೋ ಕೇಳಿಸಿಕೊಂಡು ಬಂದು ನಮ್ಮನೆಯವರು ಊಟಕ್ಕೆ ಕೂತಾಗ ಹೇಳಿ ನಕ್ಕರು. ನಾನು ರೊಟ್ಟಿ ಬಡಿಯುವುದು ನಿಲ್ಲಿಸಿ ನಡೆದದ್ದೆಲ್ಲ ಹೇಳಿದೆ. ಅವರ ನಗು ನಿಂತಿತು. "ಹಂಗಾದ್ರ ಆಕಿ ಕೈ ಕೆಡಿಸಿದಾಕಿ ನೀನ ಆದಂಗಾತು," ಅಂದರು. ಬೈದದ್ದಲ್ಲ. ಲೆಕ್ಕ ಹೇಳಿದ ಹಾಗೆ ಅಂದರು. ಇನ್ನಾದರೂ ಗುರುತು ಎದುರಿಗೆ ಹಾಕು ಅಂದರು. ಇನ್ನೊಂದು ವರ್ಷ ನೋಡೋಣ ಅಂತ ಆ ಸಾಹೇಬರು ಅಂದಿದ್ದಾರಂತಲ್ಲ ಅಂತಲೂ ಅಂದರು. ಶ್ರಾವಣ ಮುಗಿಯಲಿ ಅಂದೆ ನಾನು.

ಶ್ರಾವಣದ ನೆಪ ಯಾಕೆ ಹೇಳಿದೆ? ಹೆದರಿಕೆ. ಮಗನಿಗೆ ಆಗಷ್ಟೇ ಗಂಡು ಕೂಸು ಹುಟ್ಟಿತ್ತು. ಹನುಮಪ್ಪನ ಕಡೆಗೆ ಗುರಿ ಹಿಡಿಸಿ ಆ ಕೂಸಿಗೇನಾದರೂ ಆದರೆ ಅನ್ನುವ ಭಯ ಬಿಡುತ್ತಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಲೂ ನಾಚಿಕೆ.

ಕೆಲವು ದಿನದ ಮೇಲೆ ಆಕೆ ಮತ್ತೆ ಕೊಡ ಹೊತ್ತು ಓಡಿ ಬಂದಳು. ಸೂಜಿ ಪೋಣಿಸಿದಳು. ಕಟ್ಟಿಗೆ ಪಿಸ್ತೂಲು ಕೈಗೆ ತೆಗೆದುಕೊಂಡು ಎತ್ತದೇ ನಿಂತಳು. ಎದುರಿನ ಖಾಲಿ ಗೋಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಕೇಳಲಿಲ್ಲ. ಕೇಳುವ ಜಾತಿಯವಳೇ ಅಲ್ಲ. ಆ ಕಡೆಗೇ ಹಿಡಿಯವ್ವ ಅಂತ ನಾನು ಒಂದು ಮಾತು ಅಂದಿದ್ದರೆ ಸಾಕಾಗಿತ್ತು. ಆಕೆ ಅದಕ್ಕೇ ಕಾಯುತ್ತಿದ್ದಳು, ಅದು ನನಗೆ ತಿಳಿದಿತ್ತು.

ನಾನು ಮಣಿ ಹಿಡಿದು ಓಂ ನಮಃ ಶಿವಾಯ ಅಂತ ಸುರು ಮಾಡಿದೆ.

ಆಕೆ ಎಡಕ್ಕೆ ಹಿಡಿದಳು.

ಮರುವರ್ಷ ಜಿಲ್ಲೆಯಲ್ಲೇ ಮೊದಲ ಆಯ್ಕೆ. ಈ ಸಲ ಕೈ ಎಡಕ್ಕೆ ಹೋದೀತು ಅಂತ ಆಕೆಗೆ ಅಂಜಿಕೆ. ಓಡಿ ಬಂದು ನಿಂತು ಇದು ನನ್ನ ಬೋರ್ಡು ಹೌದೋ ಅಲ್ಲವೋ ಅಂತ ನೋಡಿದಳು. ಒಂದು ಗುಂಡು ಹೊಡೆದಳು, ಮತ್ತೆ ನೋಡಿದಳು. ಹೊಡೆದದ್ದೆಲ್ಲ ನಡುವಿಗೇ ಬಿದ್ದಿತ್ತು. ಆದರೆ ಸೀಟಿ ಊದಿದಾಗ ಇನ್ನೂ ಗುಂಡು ಪಿಸ್ತೂಲಿನಲ್ಲೇ ಉಳಿದಿದ್ದವು. ಇನ್ನು ಚಿಕ್ಕ ಹುಡುಗಿಯರನ್ನು ಕಳಿಸೋಣ ಅಂದರು ಮೇಲಿನವರು. ಆಕೆಗೆ ಅಷ್ಟರಲ್ಲಿ ವಯಸ್ಸು ಏರಿತ್ತು. ಅಲ್ಲಿಗೆ ಮುಗಿಯಿತು. ಕಟ್ಟಿಗೆ ಪಿಸ್ತೂಲನ್ನು ಆಕೆ ಒಲೆಗೆ ಹಾಕಲಿಲ್ಲ, ಯಾರಿಗೂ ಆಡಲು ಕೊಡಲಿಲ್ಲ. ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದಳು. ಕೊಡ ಹೊತ್ತು ಓಡುವುದನ್ನೂ ಬಿಟ್ಟಳು. ಆದರೆ ನೀರು ತರುವುದನ್ನು ಬಿಡಲಿಲ್ಲ. ನಿಧಾನವಾಗಿ ಮೆಟ್ಟಿಲು ಹತ್ತಿ ಬಂದು, ನನ್ನ ಮೊಣಕಾಲು ನೋಡಿ, ತುಳಸಿಗೆ ತಾನೇ ಹಾಕಿ ಹೋಗುತ್ತಿದ್ದಳು. ಆ ನೀರನ್ನು ನನ್ನ ರಾತ್ರಿಯ ಕರುಣೆಗಳಲ್ಲಿ ಸೇರಿಸಿಕೊಳ್ಳಲು ಮನಸ್ಸು ಬರುತ್ತಿರಲಿಲ್ಲ. ಬಿಡಲೂ ಬರುತ್ತಿರಲಿಲ್ಲ.

ಎಲ್ಲ ಮುಗಿದು ಎಷ್ಟೋ ಕಾಲದ ಮೇಲೆ, ಒಂದು ಶನಿವಾರ ಹನುಮಪ್ಪನ ಪೂಜಾರಿಯನ್ನು ಕೇಳಿದೆ. ಹೀಗೆ ಗುಡಿಯ ದಿಕ್ಕಿಗೆ ಕಟ್ಟಿಗೆಯ ಪಿಸ್ತೂಲು ಹಿಡಿದರೆ ದೋಷವೇ ಅಂತ. ಮುದುಕ ತೀರ್ಥದ ಉದ್ಧರಣೆ ಕೆಳಗಿಟ್ಟು ನನ್ನ ಮುಖ ನೋಡಿದ. "ಅಂವಾ ಲಂಕಾನ ಸುಟ್ಟು ಬಂದಾಂವ ಐದಾನಮ್ಮ. ಕಟ್ಟಿಗಿ ತುಂಡಿಗೆ ಅಂಜತಾನೇನು?" ಅಂದ. ಹಿಂದಿದ್ದವರು ನಕ್ಕರು. ನಾನು ತೀರ್ಥ ತೆಗೆದುಕೊಳ್ಳದೇ ಬಂದೆ. ಗುಡಿ ಇರುವುದು ಓಣಿಯ ಕೊನೆಗೆ. ಅಲ್ಲಿಗೆ ಹೋಗಿ ಒಂದು ಮಾತು ಕೇಳಲು ನನಗೆ ಅಷ್ಟು ಕಾಲ ಬೇಕಾಯಿತು. ಅಂಜಿದ್ದು ಹನುಮಪ್ಪನಲ್ಲ, ನಾನು. ನನ್ನ ಅಂಜಿಕೆಗೆ ಅವನ ಹೆಸರು ಇಟ್ಟಿದ್ದೆ.

ಇದನ್ನು ಆಕೆಗೆ ಹೇಳಲಿಲ್ಲ. ಹೇಳಿ ಏನು ಕೊಡುವುದಿತ್ತು?

ಶಾಲು ಹೊದಿಸಿದ ಮರುದಿನ, ಆಕೆ ಮೆಟ್ರಿಗೆ ಹೊರಡುವ ಬೆಳಗ್ಗೆ, ನಾನು ಎಲ್ಲರಿಗಿಂತ ಮುಂಚೆ ಎದ್ದೆ. ಅಂಗಳ ಸಾರಿಸಲು ತಂ‍ದಿಟ್ಟ ಕೆಮ್ಮಣ್ಣು ಕಲಸಿಕೊಂಡು ಮಾಳಿಗೆ ಮಾಳಿಗೆ ದಾಟಿ ಆ ಕೊನೆಗೆ ಹೋದೆ. ಎದುರಿನ ಗೋಡೆಯ ಮೇಲೆ, ಶಿಖರದ ಕೆಳಗೆ ನೆಟ್ಟಗೆ, ಬಟ್ಟಲಗಲ ಒಂದು ಗುರುತು ಬರೆದೆ. ಆಕೆ ಒಮ್ಮೆ ನೋಡಿ ಹೋಗಲಿ ಅಂತ ಇರಬೇಕು.

ಆಕೆ ಕೊನೆಯ ಸಲ ತುಳಸಿಗೆ ನೀರು ತಂದಳು. ಒಂದೇ ಕೊಡ. ಮೆಟ್ಟಿಲ ಕೊನೆಗೆ ಬಂದು ಉಸಿರು ತೆಗೆದುಕೊಳ್ಳಲು ನಿಂತಾಗ ಗುರುತು ಕಂಡಿತು. ಕೊಡ ಇಳಿಸಿದಳು. ಬಹಳ ಹೊತ್ತು ನೋಡಿದಳು. ಬಲಗೈ ಮೇಲೆ ಏಳುತ್ತದೆ ಅಂತ ನಾನು ನೋಡುತ್ತಿದ್ದೆ. ಏಳಲಿಲ್ಲ. ನನ್ನ ಕಡೆ ತಿರುಗದೇ ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಕಾಲಿಡುತ್ತಾ ಆ ಗೋಡೆಯ ತನಕ ನಡೆದು ಹೋದಳು. ಪ್ರಯಾಣಕ್ಕೆಂದು ಉಟ್ಟ ಹೊಸ ಸೀರೆಯ ಸೆರಗಿನಿಂದ ಗುರುತನ್ನು ಒರೆಸಿದಳು. ಹಸಿಯಿತ್ತು, ಬೇಗ ಹೋಯಿತು. ಪೂರ್ತಿ ಹೋಗುವ ತನಕ ಒರೆಸಿ, ಹನುಮಪ್ಪನ ಶಿಖರಕ್ಕೆ ಕೈ ಮುಗಿದು, ತಿರುಗಿ ಬಂದಳು.

"ಯಾಕ ಒರೆಸಿದಿ ತಂಗೆವ್ವ?" ಅಂದೆ.

"ಈಗ್ಯಾತಕ್ರಿ ಅಕ್ಕಾ ಅದು," ಅಂದಳು. "ನಾ ಅಂತೂ ಊರಿಗೆ ಹೋಗಿಬಿಡ್ತೀನಿ. ನೀವು ದಿನಾ ಇಲ್ಲಿಗೆ ಬರಬೇಕು. ಅಲ್ಲಿ ಅದನ್ನ ನೋಡಿದ್ರ ನಿಮಗ ರಾತ್ರಿ ನಿದ್ದಿ ಹತ್ತಂಗಿಲ್ಲ."

ನನ್ನ ಅಂಜಿಕೆ ಎಷ್ಟು ದೊಡ್ಡದು, ಎಲ್ಲಿ ಕೂತಿದೆ ಅಂತ ಆಕೆಗೆ ಮೊದಲಿಂದಲೂ ಗೊತ್ತಿತ್ತು. ಅದಕ್ಕೇ ಅವತ್ತು ಕಟ್ಟಿಗೆ ಪಿಸ್ತೂಲು ಹಿಡಿದು ನಿಂತಾಗ ಕೇಳಿರಲಿಲ್ಲ.

ತುಳಸಿಗೆ ನೀರು ಹಾಕಿ ಕೊಡ ಬೋರಲು ಹಾಕಿದಳು. ಮೆಟ್ಟಿಲು ಇಳಿಯುವಾಗ ನೋಡಿದೆ, ಸೆರಗಿನ ಅಂಚೆಲ್ಲ ಕೆಂಪಾಗಿತ್ತು. ಬೇರೆ ಸೀರೆ ಉಟ್ಟುಕೋ ಅಂದೆ. ಬಸ್ಸಿಗೆ ಹೊತ್ತಾಯಿತು, ಮಣ್ಣಲ್ಲವೇ, ಮೆಟ್ರಿಯ ಕಾಲುವೆಯಲ್ಲಿ ಒಗೆದರೆ ಹೋಗುತ್ತದೆ ಅಂದಳು. ಮೆಟ್ರಿಯ ದಾರಿಯ ಕಂಪ್ಲಿ ಬಸ್ಸು ಹತ್ತುವ ತನಕ ಆ ಕೆಂಪು ಸೆರಗು ನನ್ನ ಕಣ್ಣ ಮುಂದೆಯೇ ಇತ್ತು.

ಎಡಗಡೆಯ ಗೋಡೆಯ ಮೇಲಿನ ಹಳೆಯ ಗುರುತು ಹಾಗೇ ಇದೆ. ಅದನ್ನು ಆಕೆ ಒರೆಸಲಿಲ್ಲ. ನಾನೂ ಒರೆಸುವುದಿಲ್ಲ.